‘ಟೈಮ್‌ಪಾಸ್‌ಗೆ ಒಂದ್ ಒಳ್ಳೆ ಗೇಮ್ ಹೇಳು’ ಅನ್ನೋರಿಗೆಲ್ಲ

ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಬರೆದಿಡ್ತಿದೀನಿ. ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ, ಬೇಜಾರಾದ್ರೆ ಆಗ್ಲಿ.

ಪ್ರಶ್ನೆ ಯಾವಾಗ್ಲೂ ಒಂದೇ. "ನೀನು ಗೇಮ್ ಆಡ್ತೀಯಂತಲ್ಲ, ನಾವೂ ಚಿಕ್ಕೋರಿದ್ದಾಗ ಸಿಕ್ಕಾಪಟ್ಟೆ ಆಡ್ತಿದ್ವಿ, ಆಮೇಲೆ ಓದು ಕೆಲಸ ಮದುವೆ ಅಂತ ಬಿಟ್ಟೇಹೋಯ್ತು, ಈಗ ಮತ್ತೆ ಶುರು ಮಾಡೋಣ ಅಂತಿದೀನಿ, ಟೈಮ್‌ಪಾಸ್‌ಗೆ ಒಂದ್ ಒಳ್ಳೆ ಗೇಮ್ ಹೇಳು."

ಮೊದಲು ಈ ಟೈಮ್‌ಪಾಸ್ ಅನ್ನೋ ಮಾತು. ನಂಗೆ 42 ವರ್ಷ, ಬ್ಯಾಂಕ್ ಕೆಲಸ, ಒಂಬತ್ತನೇ ಕ್ಲಾಸಿನ ಮಗಳು, ಶುಗರ್ ಇರೋ ಅತ್ತೆ. ನನ್ನ ಟೈಮು ಅದರ ಪಾಡಿಗೆ ಅದು ಓಡ್ತಾನೇ ಇದೆ, ಅದನ್ನ ಪಾಸ್ ಮಾಡ್ಸೋಕೆ ಬೇರೆ ಸಾಮಾನು ಏನೂ ಬೇಕಾಗಿಲ್ಲ. ರಾತ್ರಿ ಹತ್ತು ಗಂಟೆಗೆ ಪಾತ್ರೆ ಎಲ್ಲ ಆದ್ಮೇಲೆ ನಲವತ್ತು ನಿಮಿಷ ಸಿಗುತ್ತೆ, ಇಡೀ ದಿನದಲ್ಲಿ ನಂದು ಅಂತ ಇರೋದು ಅಷ್ಟೇ, ಅದಕ್ಕೆ ಹೋಗಿ ಟೈಮ್‌ಪಾಸ್ ಅಂದ್ರೆ ಮೈಯೆಲ್ಲ ಉರಿಯುತ್ತೆ. ಕಾದಂಬರಿ ಓದೋರ ಹತ್ರ ಯಾರಾದ್ರೂ ಹೀಗೆ ಕೇಳ್ತಾರಾ?

ಇನ್ನು ‘ಒಳ್ಳೆ’ ಗೇಮ್. ಒಳ್ಳೆ ಸೀರೆ ಹೇಳು ಅಂದಂಗಾಯ್ತು. ಯಾರಿಗೆ, ಯಾವ ಫಂಕ್ಷನ್‌ಗೆ, ಉಡೋಕಾ ಕೊಡೋಕಾ?

ಮೊದಮೊದಲು ನಾನೂ ಪಾಪ ಅಂತ ಕೂತ್ಕೊಂಡು ದೊಡ್ಡ ಲಿಸ್ಟ್ ಮಾಡಿ ಕಳಿಸ್ತಿದ್ದೆ. ವಾರ ಬಿಟ್ಟು ಕೇಳಿದ್ರೆ "ಯಾಕೋ ಸೇರ್ಲಿಲ್ಲ" ಅನ್ನೋರು. ತಪ್ಪು ಅವರದ್ದಲ್ಲ, ನಾನೂ ಅಂಥದ್ದೇ ಲಿಸ್ಟಿಂದ ಏಟು ತಿಂದೋಳು.

2022ರಲ್ಲಿ ಕಾಲು ಮುರ್ಕೊಂಡು ಆರು ವಾರ ಮನೇಲಿ ಬಿದ್ದಿದ್ದೆ. ಮೈದುನ ಫಾರಿನ್‌ಗೆ ಹೋಗ್ತಾ ಅವನ ಪಿಎಸ್4 ಗೇಮ್ ಮಷೀನು ನಮ್ಮನೇಲಿ ಬಿಟ್ಟುಹೋಗಿದ್ದ. ಆಫೀಸಿನ ಹುಡುಗನೊಬ್ಬ ನೋಡೋಕೆ ಬಂದೋನು "ಮೇಡಂ, ಈ ವರ್ಷ ಆಡಿದ್ರೆ ಇದೇ ಆಡ್ಬೇಕು" ಅಂತ ಎಲ್ಡನ್ ರಿಂಗ್ ಅನ್ನೋ ಗೇಮಿನ ಡಿಸ್ಕ್ ಕೊಟ್ಟ. ಆ ವರ್ಷ ಫೆಬ್ರವರಿಯಲ್ಲಿ ಬಂದಿದ್ದು, ಲೋಕವೆಲ್ಲ ಅದನ್ನೇ ಹೊಗಳ್ತಿತ್ತು. ಗುಹೆಯಿಂದ ಆಚೆ ಬರ್ತೀನಿ, ಹಸಿರು ಬಯಲು, ಎದುರಿಗೇ ಚಿನ್ನದ ಕವಚ ಹಾಕ್ಕೊಂಡು ಕುದುರೆ ಮೇಲೆ ಒಬ್ಬ. ಹೋದೆ, ಸತ್ತೆ. ಹೋದೆ, ಸತ್ತೆ. ಎರಡು ದಿನ ಅವನ ಹತ್ರ ಸಾಯೋದೇ ಕೆಲಸ, ಬ್ಯಾಂಡೇಜ್ ಹಾಕಿದ ಕಾಲು ದಿಂಬಿನ ಮೇಲಿಟ್ಕೊಂಡು. ಆಮೇಲೆ ಆ ಹುಡುಗನಿಗೆ ಫೋನ್ ಮಾಡಿದ್ರೆ ನಗ್ತಾನೆ, "ಅಯ್ಯೋ ಮೇಡಂ, ಅವನನ್ನ ಈಗಲೇ ಯಾಕ್ ಹೊಡೆಯೋಕೋದ್ರಿ, ಪಕ್ಕದಿಂದ ಹೋಗ್ಬಿಡ್ಬೇಕು!"

ಪಕ್ಕದಿಂದ ಹೋಗಬಹುದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ನಮ್ಮ ಕಾಲದ ಗೇಮಲ್ಲಿ ಇದ್ದಿದ್ದೇ ಒಂದು ದಾರಿ, ಬಲಕ್ಕೆ. ಎದುರು ಬಂದಿದ್ದನ್ನ ಹೊಡೀಬೇಕು, ಇಲ್ಲ ಹಾರಬೇಕು. ಈಗಿನೋರಿಗೆ ಇದು ಹೇಳದೇನೇ ಗೊತ್ತಿರೋ ವಿಷಯ, ಅದಕ್ಕೇ ಯಾವ ಲಿಸ್ಟಲ್ಲೂ ಬರೆದಿರಲ್ಲ.

ಅದಕ್ಕಿಂತ ದೊಡ್ಡ ತಾಪತ್ರಯ ಬಲಗೈ ಹೆಬ್ಬೆರಳು. ನಮ್ಮ ಟಿವಿ ಗೇಮ್ ಜಾಯ್‌ಸ್ಟಿಕ್‌ನಲ್ಲಿ ಎಡಗಡೆ ಒಂದು ಪ್ಲಸ್, ಬಲಗಡೆ ಬಟನ್ನು, ಮುಗೀತು. ಈಗ ಎಡ ಹೆಬ್ಬೆರಳಲ್ಲಿ ನಡೀಬೇಕು, ಅದೇ ಹೊತ್ತಿಗೆ ಬಲ ಹೆಬ್ಬೆರಳಲ್ಲಿ ಕತ್ತು ತಿರುಗಿಸ್ಬೇಕು. ಮೊದಲನೇ ವಾರ ನನ್ನ ಹೀರೋ ಆಕಾಶ ನೋಡ್ಕೊಂಡು ಗೋಡೆಗೆ ಗುದ್ದುತ್ತಾ ಇರ್ತಿದ್ದ. ಇದು ಬುದ್ಧಿಗೆ ಸಂಬಂಧಪಟ್ಟಿದ್ದಲ್ಲ, ಸ್ಕೂಟರ್ ಕಲ್ತಂಗೆ, ಕೈಗೆ ಬರ್ಬೇಕು, ಬರೋಕೆ ಮೂರ್ನಾಲ್ಕು ವಾರ ಬೇಕು. ಆ ಮೂರ್ನಾಲ್ಕು ವಾರ ಕಲಿಯೋಕೆ ಅಂತ ಒಂದು ಸಾಧು ಗೇಮ್ ಬೇಕು, ಯಾರೂ ನಿಮ್ಮನ್ನ ಕೊಲ್ಲದೇ ಇರೋವಂಥದ್ದು. ಹೀರೋ ಕಣ್ಣಿಂದಲೇ ಎಲ್ಲ ನೋಡೋ ಥರದ ಗೇಮಲ್ಲಿ ಕೆಲವರಿಗೆ ತಲೆ ಸುತ್ತಿ ವಾಂತಿ ಬಂದಂಗಾಗುತ್ತೆ, ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಬ್ಲರ್ (ತಿರುಗಿದಾಗ ಚಿತ್ರ ಮಸುಕಾಗೋದು) ಆಫ್ ಮಾಡಿ ಫೀಲ್ಡ್ ಆಫ್ ವ್ಯೂ (ಸ್ಕ್ರೀನಲ್ಲಿ ಕಾಣೋ ಅಗಲ) ಜಾಸ್ತಿ ಮಾಡಿದ್ರೆ ಎಷ್ಟೋ ಜನಕ್ಕೆ ಕಡಿಮೆ ಆಗುತ್ತೆ. ವಯಸ್ಸಾಯ್ತು ಅಂತ ಅಳ್ಬೇಡಿ.

ನನ್ನ ಸಾಧು ಗೇಮ್ ಎ ಶಾರ್ಟ್ ಹೈಕ್. 2019ರದ್ದು, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಒಂದು ಪುಟ್ಟ ಹಕ್ಕಿ, ಫೋನ್ ಕಾಲ್‌ಗೆ ಕಾಯ್ತಾ ಇದೆ, ಸಿಗ್ನಲ್ ಸಿಗಲ್ಲ, ಸಿಗ್ಬೇಕು ಅಂದ್ರೆ ಬೆಟ್ಟದ ತುದಿಗೆ ಹತ್ಬೇಕು. ಕಥೆ ಇಷ್ಟೇ. ನಮ್ಮ ತೀರ್ಥಹಳ್ಳಿ ಕಡೆ ನೆಂಟರ ಮನೇಲಿ ಒಂದ್ ಮೆಸೇಜ್ ಕಳಿಸೋಕೆ ತೋಟದ ಹಿಂದಿನ ಗುಡ್ಡ ಹತ್ತಿದೋಳಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ದಾರೀಲಿ ಬಂಗಾರದ ಗರಿ ಸಿಗುತ್ತೆ, ಗರಿ ಹೆಚ್ಚಿದಷ್ಟೂ ಹೆಚ್ಚು ಹೊತ್ತು ಬಂಡೆ ಹತ್ತಬಹುದು, ಬೇಡ ಅಂದ್ರೆ ಮೀನು ಹಿಡೀಬಹುದು. ಎರಡು ರಾತ್ರೀಲಿ ಮುಗೀತು. ತುದಿಯಲ್ಲಿ ಕಾಲ್ ಬಂತು, ಯಾರದ್ದು ಅಂತ ಹೇಳಲ್ಲ, ನಾನು ಅತ್ತಿದ್ದಂತೂ ನಿಜ, ಅತ್ತೆ ಎದ್ದು ಬಂದು ಕಾಲು ನೋಯ್ತಿದೆಯಾ ಅಂತ ಕೇಳಿದ್ರು.

ಗೇಮ್ ಆರಿಸೋಕೆ ಈಗ ನಂದು ಒಂದೇ ಪರೀಕ್ಷೆ, ಕುಕ್ಕರ್ ಪರೀಕ್ಷೆ. ಕುಕ್ಕರ್ ಮೂರನೇ ಸಲ ಕೂಗಿದಾಗ ಇರೋ ಹಾಗೇ ನಿಲ್ಲಿಸಿ ಎದ್ದು ಹೋಗೋಕಾಗುತ್ತಾ? ಎಲ್ಡನ್ ರಿಂಗಲ್ಲಿ ಆಗಲ್ಲ, ಮೆನು ತೆಗೆದ್ರೂ ಹಿಂದಿಂದ ಬಂದು ಹೊಡೀತಾರೆ. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮಲ್ಲಿ ಆಗುತ್ತೆ, ಒಬ್ಬರೇ ಆಡೋದಾದ್ರೆ. ಆದ್ರೆ ಅಲ್ಲೊಂದು ಮೋಸ ಇದೆ, ಆ ಊರಿನ ಒಂದು ದಿನ ಅಂದ್ರೆ ನಮ್ಮ ಹದಿನಾಲ್ಕು ನಿಮಿಷದಷ್ಟು, ರಾತ್ರಿ ಮಲಗಿದ್ರೆ ಮಾತ್ರ ಸೇವ್ ಆಗೋದು, ಅದಕ್ಕೇ ‘ಇನ್ನೊಂದೇ ದಿನ’ ಅಂತ ಅಂದ್ಕೊಂಡು ಟೊಮೇಟೊಗೆ ನೀರು ಹಾಕ್ತಾ ಹಾಕ್ತಾ ಗಂಟೆ ಒಂದಾಗಿರುತ್ತೆ.

ಇನ್ನೊಂದು, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ತಗೊಂಡಿದ್ದು ಇಷ್ಟ ಆಗ್ಲಿಲ್ಲ ಅಂದ್ರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ, ದುಡ್ಡು ವಾಪಸ್ ಕೇಳಬಹುದು. ಇದನ್ನ ಹೇಳಿದ್ರೆ ನಮ್ಮೋರು ನಾಚ್ಕೋತಾರೆ. ಚಿಕ್ಕಪೇಟೇಲಿ ನಲವತ್ತು ಸೀರೆ ಬಿಡಿಸಿ ಹಾಕಿಸಿ ಒಂದೂ ತಗೊಳ್ದೇ ಎದ್ದು ಬರೋರಿಗೆ ಇಲ್ಲಿ ಅದೆಂಥ ಸಂಕೋಚ. ನಾನಂತೂ ಹತ್ತರಲ್ಲಿ ನಾಲ್ಕು ವಾಪಸ್ ಮಾಡ್ತೀನಿ.

ಈಗ ಒಂದು ಮದುವೆ ವಿಷಯ. ಹೋದ ಕಾರ್ತಿಕದಲ್ಲಿ ದಾವಣಗೆರೇಲಿ ಚಿಕ್ಕಮ್ಮನ ಮಗಳ ಮದುವೆ, ಎರಡನೇ ಪಂಕ್ತಿಗೆ ಕಾಯ್ತಾ ಫೋನಲ್ಲಿ ಬಲಾಟ್ರೋ ಆಡ್ತಿದ್ದೆ. ಇಸ್ಪೀಟ್ ಎಲೆ, ಪೋಕರ್ ಲೆಕ್ಕ, ಅದಕ್ಕೆ ನೂರೈವತ್ತು ಥರದ ಜೋಕರ್, ಒಂದೊಂದು ಜೋಕರ್‌ಗೂ ಒಂದೊಂದು ಚಾಳಿ, ಲೆಕ್ಕ ಕೂಡ್ತಾ ಕೂಡ್ತಾ ಸ್ಕೋರು ಉರಿಯೋಕೆ ಶುರುವಾಗುತ್ತೆ. ನಿಜವಾದ ದುಡ್ಡು ಒಂದು ಪೈಸೆ ಕಟ್ಟೋ ಹಾಗಿಲ್ಲ. ಹಿಂದಿನ ಕುರ್ಚಿಯಿಂದ ಶಿವಮೊಗ್ಗದ ಮಾವ ಬಗ್ಗಿ ನೋಡಿದ್ರು.

"ಏನಮ್ಮಾ, ರಮ್ಮೀನಾ? ಅದು ಬ್ಯಾನ್ ಆಯ್ತಲ್ಲಮ್ಮಾ!"

ಮಾವನ ಗಂಟಲು ಅಂದ್ರೆ ಮೈಕ್ ಬೇಡ. 2025ರ ಆಗಸ್ಟಲ್ಲಿ ಪಾರ್ಲಿಮೆಂಟಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸೋ ಕಾನೂನು ಪಾಸಾಗಿತ್ತಲ್ಲ, ಎಲ್ಲರ ಬಾಯಲ್ಲೂ ಅದೇ. ಮೂರು ಸಾಲು ಜನ ತಿರುಗಿ ನೋಡಿದ್ರು. ಬ್ಯಾಂಕಲ್ಲಿ ಕೆಲಸ ಮಾಡೋ ಹೆಂಗಸು, ಬ್ಯಾನ್ ಆದ ರಮ್ಮಿ. ಎಷ್ಟು ಕಳ್ಕೊಂಡೆ ಅಂತ ಒಬ್ಬರು ಮೆತ್ತಗೆ ಕೇಳಿದ್ರು, ನಿಜವಾದ ಕನಿಕರದಿಂದ. ಇನ್ನೊಬ್ಬರು ನನ್ನನ್ನ ಕಾಪಾಡೋಕೆ "ಮಗಳಿಗೆ ಅಂತ ಹಾಕಿಸಿರ್ಬೇಕು ಬಿಡಿ" ಅಂದ್ರು. ಅದು ರಮ್ಮಿಗಿಂತ ಜಾಸ್ತಿ ಚುಚ್ತು. ನಾನು ಎದ್ದು ನಿಂತು ಇದು ಜೂಜಲ್ಲ, ಯುರೋಪಲ್ಲಿ ವಯಸ್ಸಿನ ರೇಟಿಂಗ್ ಕೊಡೋ ಪೆಗಿಯೋರೂ ನಿಮ್ಮ ಥರಾನೇ ಇಸ್ಪೀಟ್ ಎಲೆ ನೋಡಿ ಗಾಬರಿಯಾಗಿ 18 ಅಂತ ಮುದ್ರೆ ಒತ್ತಿದ್ರು, ಮೇಲ್ಮನವಿ ಹಾಕಿದ್ಮೇಲೆ 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿದ್ರು ಅಂತ ಭಾಷಣ ಬಿಗಿದೆ. ಮದುವೆ ಮನೇಲಿ ಪೆಗಿ ಯಾರಿಗೆ ಬೇಕು. ಮಾವ ಎಲ್ಲ ಕೇಳಿಸ್ಕೊಂಡು "ದುಡ್ಡಿಲ್ದೇ ಇಸ್ಪೀಟಾ? ಅದೆಂಥ ಮಜಾನಮ್ಮ?" ಅಂದ್ರು, ಒಂದ್ ನಿಮಿಷ ಬಿಟ್ಟು, "ಸರಿ, ನಂಗೂ ಟೈಮ್‌ಪಾಸ್‌ಗೆ ಒಂದ್ ಹಾಕ್ಕೊಡು."

ಹಾಕ್ಕೊಟ್ಟೆ, ಅದನ್ನೇ. ಕ್ಲಬ್ಬಲ್ಲಿ ನಲವತ್ತು ವರ್ಷ ‘ಇಪ್ಪತ್ತೆಂಟು’ ಅನ್ನೋ ಇಸ್ಪೀಟಾಟ ಆಡಿದ ಮನುಷ್ಯ. ಈಗ ಬೆಳಗ್ಗೆ ಐದೂವರೆಗೆ ಗುಡ್ ಮಾರ್ನಿಂಗ್ ಗಣಪತಿ ಜೊತೆ ಸ್ಕೋರಿನ ಸ್ಕ್ರೀನ್‌ಶಾಟೂ ಬರುತ್ತೆ. ನಾನು ಇಷ್ಟು ವರ್ಷ ಕೊಟ್ಟ ಸಲಹೇಲಿ ನಾಟಿದ್ದು ಇದೊಂದೇ ಇರ್ಬೇಕು, ಅದೂ ಅವರು ಏನು ಆಡಿ ಖುಷಿಪಟ್ಟಿದ್ರು ಅಂತ ನಂಗೆ ಮೊದಲೇ ಗೊತ್ತಿತ್ತು ಅಂತ. ನೀವೂ ಹಾಗೇ ನೋಡ್ಕೊಳ್ಳಿ. ರೋಡ್ ರ‍್ಯಾಶ್ ಅನ್ನೋ ಬೈಕ್ ರೇಸ್ ಗೇಮ್ ಆಡ್ತಿದ್ರೆ ಇಷ್ಟ ಆಗಿದ್ದು ಬೈಕಾ, ಪಕ್ಕದೋನಿಗೆ ಒದೆಯೋದಾ?

ಮಗಳಿಗಾ ಅಂದ್ರಲ್ಲ, ಅಲ್ಲಿಂದ ತಲೇಲಿ ಕೊರೀತಿರೋದು ಬೇರೆ. ‘ಮತ್ತೆ ಯಾಕೆ ಶುರು ಮಾಡ್ದೆ’ ಅಂತ ಎಲ್ಲರೂ ಕೇಳ್ತಾರೆ. ‘ಯಾಕೆ ಬಿಟ್ಟೆ’ ಅಂತ ಒಬ್ಬರೂ ಕೇಳಿಲ್ಲ.

ಐದನೇ ಕ್ಲಾಸ್ ಬೇಸಿಗೆ ರಜಾ, ದೊಡ್ಡಪ್ಪನ ಮಗ ಅಣ್ಣ, ದಿನದ ಬಾಡಿಗೆಗೆ ತಂದ ಟಿವಿ ಗೇಮು, ಅದರಲ್ಲಿ ಇಬ್ಬರು ಜೊತೆಗೂಡಿ ಗುಂಡು ಹಾರಿಸ್ತಾ ಹೋಗೋ ಕಾಂಟ್ರಾ. ಬಟನ್ ಒತ್ತಿ ಮೂವತ್ತು ಲೈಫ್ ಪಡೆಯೋ ಗುಟ್ಟಿನ ಕೋಡು ನಮಗೆ ಗೊತ್ತೇ ಇರ್ಲಿಲ್ಲ, ಇದ್ದಿದ್ದು ಮೂರೇ ಲೈಫು. ಮೂರನೇ ಸ್ಟೇಜಲ್ಲಿ ಜಲಪಾತ ಹತ್ಬೇಕು, ಒಬ್ಬರು ಬೇಗ ಹತ್ತಿದ್ರೆ ಸ್ಕ್ರೀನ್ ಮೇಲೆ ಸರಿದು ಕೆಳಗಿದ್ದೋರು ಸಾಯ್ತಾರೆ. ಅಣ್ಣ ಯಾವತ್ತೂ ಕಾಯ್ತಿರ್ಲಿಲ್ಲ. ಅವನ ಲೈಫು ಖಾಲಿಯಾದ್ರೆ ಒಂದು ಬಟನ್ ಒತ್ತಿ ನಂದನ್ನ ತಗೋಬಹುದಿತ್ತು, ತಗೋತಿದ್ದ, ಕೇಳದೇನೇ. ಆದ್ರೂ ನನ್ನ ಬಿಟ್ಟು ಅವನು ಕಾಂಟ್ರಾ ಆಡ್ತಿರ್ಲಿಲ್ಲ.

ಆಮೇಲೆ ಟಿವಿ ಗೇಮ್ ಹೋಗಿ ಬ್ರೌಸಿಂಗ್ ಸೆಂಟರ್ ಬಂತು. ಆಟ ಮನೆಯಿಂದ ಎದ್ದು ಬಸ್‌ಸ್ಟ್ಯಾಂಡ್ ಹತ್ರದ ಮಹಡಿ ಮೇಲೆ ಹೋಯ್ತು. ಕಾಲೇಜಲ್ಲಿದ್ದಾಗ ಒಂದ್ಸಲ ಹೋದೆ, ಕೌಂಟರ್ ಸ್ಟ್ರೈಕ್ ಅನ್ನೋ ಬಂದೂಕಿನ ಗೇಮ್ ಕಲಿಯೋಣ ಅಂತ. ಹನ್ನೆರಡು ಹುಡುಗರು ಒಟ್ಟಿಗೆ ಹೆಡ್‌ಫೋನ್ ತೆಗೆದು ತಿರುಗಿದ್ರು, ಕೊನೇ ಸಿಸ್ಟಮ್ಮಲ್ಲಿ ಅಣ್ಣಾನೂ ಇದ್ದ. ಎದ್ದು ಬಂದು "ನೀನ್ಯಾಕೆ ಇಲ್ಲಿ, ಮನೆಗ್ ನಡಿ" ಅಂದ. ನಡೆದೆ. ಇಪ್ಪತ್ತು ವರ್ಷ ಆಯ್ತು ವಾಪಸ್ ಬರೋಕೆ.

ಅಣ್ಣ ಈಗ ಮಸ್ಕತ್‌ನಲ್ಲಿದಾನೆ. ಕಾಂಟ್ರಾ ಮಾಡಿದ ಕೋನಾಮಿ ಕಂಪನಿಯೋರು 2019ರಲ್ಲಿ ಹಳೇ ಕಾಂಟ್ರಾಗಳನ್ನ ಸೇರಿಸಿ ಒಂದು ಕಲೆಕ್ಷನ್ ಬಿಟ್ಟಿದಾರೆ, ಸೇಲಲ್ಲಿ ನಾನೇ ತಗೊಂಡೆ. ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್‌ನಲ್ಲಿ ಒಬ್ಬರ ಹತ್ರ ಇದ್ರೂ ಸಾಕು, ಇಬ್ಬರೂ ಆಡಬಹುದು. ಶುಕ್ರವಾರ ಅವನಿಗೆ ರಜ, ಅವತ್ತು ರಾತ್ರಿ ಕೂರ್ತೀವಿ. ನೆಟ್ ಸ್ವಲ್ಪ ಎಳೆಯುತ್ತೆ, ಬೆರಳೂ ಎಳೆಯುತ್ತೆ. ಹೋದ ವಾರ ಜಲಪಾತದ ಮಧ್ಯದಲ್ಲಿ ಕೇಳೇಬಿಟ್ಟೆ, ಅಣ್ಣ, ಆವತ್ತು ಬ್ರೌಸಿಂಗ್ ಸೆಂಟರಿಂದ ನನ್ನನ್ನ ಮನೆಗೆ ಅಟ್ಟಿದ್ದು ನೆನಪಿದೆಯಾ ಅಂತ.

"ಯಾವ ಬ್ರೌಸಿಂಗ್ ಸೆಂಟರ್?" ಅಂದ. ಅನ್ನೋ ಹೊತ್ತಿಗೆ ನನ್ನ ಲೈಫಲ್ಲಿ ಒಂದು ಕಮ್ಮಿಯಾಗಿತ್ತು.