ಬಿದ್ದ ಹುಣಸಿಯ ಬೊಡ್ಡೆ ಕೊಯ್ದ ದಿನ

ಸವಣೂರು ಸೀಮೆಯ ಎರೆ ಹೊಲವೊಂದರ ಒಡ್ಡಿನ ಮೇಲಿದ್ದ ಹುಣಸಿ ಗಿಡ ಮೇ ತಿಂಗಳ ಗಾಳಿಮಳೆಗೆ ಬೇರುಸಮೇತ ಉರುಳಿತ್ತು. ಬುಡದಲ್ಲಿ ನಾಲ್ಕು ಅಡಿ ಅಗಲ. ಸವಣೂರಿನ ಹೆಸರಾಂತ ದೊಡ್ಡಹುಣಸೆಯ ಜಾತಿಯಲ್ಲ ಇದು. ಅವು ಬಾವೊಬಾಬ್ ಗಿಡಗಳು, ನೀರು ಹಿಡಿದ ಮೆತ್ತನೆ ಮೈ, ಒಲೆಗೆ ಬರುವಂಥವಲ್ಲ. ಇದು ನಮ್ಮ ಸಾರಿನ ಹುಣಸಿ. ಇದರ ಕೆಂಡ ರಾತ್ರಿಯೆಲ್ಲ ನಿಲ್ಲುತ್ತದೆ. ಕಟುಕರು ಮಾಂಸ ಕೊಚ್ಚಲು ಇದರದೇ ದಿಮ್ಮಿ ಹುಡುಕುತ್ತಾರೆ ಎಂದರೆ ಎಷ್ಟು ಗಟ್ಟಿಯೆಂದು ತಿಳಿಯಿರಿ.

ನಿಂತ ಗಿಡ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ತಾನಾಗಿ ಬಿದ್ದದ್ದಾದರೂ ಇಲಾಖೆಗೆ ತಿಳಿಸಿಯೇ ಕೈ ಹಚ್ಚಬೇಕು. ಅದು ಮುಗಿದ ಮೇಲೆ ಒಂದು ಮುಂಜಾನೆ ಆರೂವರೆಗೆ ಕೆಲಸ ಶುರುವಾಯಿತು.

ಮರ ಕೊಯ್ಯುವ ಚೈನ್ ಗರಗಸದ ಮಷಿನ್ 72 ಸಿಸಿಯದು, ಚೈನ್ ಸುತ್ತುವ ಉದ್ದನೆ ಪಟ್ಟಿ, ಅಂದರೆ ಬಾರ್, 25 ಇಂಚು. ಎರಡೂ ಮಗ್ಗಲಿನಿಂದ ಕೊಯ್ದರೆ ನಾಲ್ಕು ಅಡಿಗೆ ಅಷ್ಟಕ್ಕಷ್ಟೆ ಸಾಕು. ಲೀಟರ್ ಪೆಟ್ರೋಲಿಗೆ 20 ಮಿಲಿ ಟು-ಸ್ಟ್ರೋಕ್ ಆಯಿಲ್, ಅಂದರೆ 50ಕ್ಕೆ 1. ಮಷಿನ್ನಿನ ಪುಸ್ತಕದಲ್ಲಿ 25ಕ್ಕೆ 1 ಎಂದಿದ್ದರೆ 40 ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆಮೇಲೆ ರಿಪೇರಿಗಿಂತ ಹೊಸ ಮಷಿನ್ನೇ ಸೋವಿ. ಚೈನಿನ ಆಯಿಲ್ ಬೇರೆ. ಪೆಟ್ರೋಲ್ ಟ್ಯಾಂಕ್ ಒಮ್ಮೆ ಖಾಲಿಯಾಗುವಷ್ಟರಲ್ಲಿ ಅದೂ ಹೆಚ್ಚುಕಡಿಮೆ ಖಾಲಿಯಾಗಿರಬೇಕು. ಆಗಿಲ್ಲವೆಂದರೆ ಆಯಿಲಿನ ತೂತು ಹೊಟ್ಟು ಕಟ್ಟಿದೆ, ಬಾರ್ ಒಣ ಓಡುತ್ತಿದೆ ಎಂದರ್ಥ.

ಕೊಯ್ಯುವ ಮೊದಲು ಬಿದ್ದ ಗಿಡದ ಸುತ್ತ ಎರಡು ಸುತ್ತು ಬರಬೇಕು. ಯಾವ ಟೊಂಗೆ ನೆಲಕ್ಕೆ ಊರಿ ಬೊಡ್ಡೆಯನ್ನು ಹೊತ್ತಿದೆ, ಯಾವುದು ನೆಲಕ್ಕೆ ತಾಗದೆ ಅಂತರದಲ್ಲಿದೆ, ಯಾವುದು ಬಿಲ್ಲಿನಂತೆ ಬಾಗಿ ಬಿಗಿದಿದೆ ಎಂದು ನೋಡಿಕೊಳ್ಳಬೇಕು. ಅಂತರದಲ್ಲಿರುವವು ಮೊದಲು, ಹೊತ್ತು ನಿಂತವು ಕಟ್ಟಕಡೆಗೆ. ಬಾಗಿದ ಟೊಂಗೆಯನ್ನು ಒಂದೇ ಬೀಸಿಗೆ ಕೊಯ್ದರೆ ಅದು ಮುಖಕ್ಕೆ ಬಡಿಯುತ್ತದೆ.

ಎಲ್ಲ ದೊಡ್ಡ ಮರದ ಗುಟ್ಟೂ ಒತ್ತು ಮತ್ತು ಎಳೆತದಲ್ಲಿದೆ. ದಿಮ್ಮಿ ಎರಡು ತುದಿಗೆ ಆತು ನಡುವೆ ಕೆಳಗೆ ಆಸರೆಯಿಲ್ಲದಿದ್ದರೆ ಮೇಲ್ಮೈ ಒತ್ತಿನಲ್ಲಿ, ಕೆಳಮೈ ಎಳೆತದಲ್ಲಿ ಇರುತ್ತದೆ. ಮೇಲಿಂದ ಮೂರರಲ್ಲೊಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ತರಬೇಕು. ಒಂದೇ ತುದಿ ಆತು ಇನ್ನೊಂದು ಜೋತುಬಿದ್ದಿದ್ದರೆ ಲೆಕ್ಕ ಉಲ್ಟಾ: ಮೊದಲು ಕೆಳಗಿನಿಂದ, ಆಮೇಲೆ ಮೇಲಿಂದ. ಈ ಲೆಕ್ಕ ತಪ್ಪಿದರೆ ಕೊಯ್ದ ಸಂದು ಮುಚ್ಚಿಕೊಂಡು ಬಾರನ್ನು ಕಚ್ಚಿ ಹಿಡಿಯುತ್ತದೆ. ಹಾಗೆ ಸಿಕ್ಕಿತೆಂದರೆ ಎಂಜಿನ್ ಬಂದ್ ಮಾಡಿ. ಜಗ್ಗಾಡಿದರೆ ಬಾರ್ ಬಾಗುತ್ತದೆ, ಸಂದು ಸಡಿಲಾಗುವುದಿಲ್ಲ. ಕಣ್ಣಿಗೆ ಸಂದು ಕಿರಿದಾಗುತ್ತಿದೆ ಅನ್ನಿಸಿದ ಕೂಡಲೇ ಚೈನಿನ ಹಿಂದೆ ಬೆಣೆ ಹೊಡೆಯಬೇಕು. ಬೆಣೆ ಪ್ಲಾಸ್ಟಿಕ್ಕಿನದು ಅಥವಾ ಒಣ ಜಾಲಿಯದು. ಕಬ್ಬಿಣದ್ದು ಬೇಡ, ಚೈನ್ ತಾಗಿದರೆ ಹಲ್ಲೆಲ್ಲ ಹೋಗುತ್ತವೆ.

ಬೇರಿನ ಗಡ್ಡೆಯ ವಿಷಯ ಕೈಮುಗಿದು ಹೇಳುವಂಥದ್ದು. ಉರುಳಿದ ಗಿಡದ ಬೇರು ಮಣ್ಣು ಸಮೇತ ಗೋಡೆಯಂತೆ ಎದ್ದು ನಿಂತಿರುತ್ತದೆ, ಹಿಂದೆ ದೊಡ್ಡ ತಗ್ಗು. ಬೊಡ್ಡೆಯ ಭಾರ ಇಳಿಯುತ್ತ ಹೋದಂತೆ ಆ ಗೋಡೆ ಒಮ್ಮೆಲೇ ಹಿಂದಕ್ಕೆ, ತನ್ನ ತಗ್ಗಿಗೇ ಕೂರಬಹುದು. ನೆರಳಿದೆಯೆಂದು ಹುಡುಗರು ಕೂರುವುದು ಅದೇ ತಗ್ಗಿನಲ್ಲಿ. ಒಬ್ಬರನ್ನು ಅದನ್ನು ಕಾಯಲಿಕ್ಕೆಂದೇ ನಿಲ್ಲಿಸಿದ್ದೆವು. ಬುಡದ ಕಡೆ ಐದಾರು ಅಡಿ ಬೊಡ್ಡೆ ಬಿಟ್ಟು, ಕೊನೆಯ ಕೊಯ್ತವನ್ನು ಮಗ್ಗಲಿಗೆ ನಿಂತು ಕೊಟ್ಟಾಗ ಗಡ್ಡೆ ಮೊಳದಷ್ಟು ಹಿಂದೆ ವಾಲಿ ನಿಂತಿತು.

ಒಂಬತ್ತರ ಸುಮಾರಿಗೆ ಬಾರಿನಿಂದ ಬರುವ ಚಕ್ಕೆ ಹಿಟ್ಟಾಯಿತು. ಹರಿತವಾದ ಚೈನ್ ಒಡೆದ ಗೋಧಿಯಂಥ ಚಕ್ಕೆ ಉಗುಳುತ್ತದೆ. ಹಿಟ್ಟು ಬಂತೆಂದರೆ ಹಲ್ಲು ಮೊಂಡಾಗಿವೆ. ಆಗ ಮಷಿನ್ ಮೇಲೆ ಭಾರ ಹಾಕಿ ಒತ್ತುವುದು ಎಲ್ಲರೂ ಮಾಡುವ ತಪ್ಪು. ಬಾರ್ ಕಾಯುತ್ತದೆ, ಕೊಯ್ತ ಸೊಟ್ಟ ಹೋಗುತ್ತದೆ. ತ್ರೀ-ಏಟ್ (3/8 ಇಂಚು ಪಿಚ್ಚಿನ) ಚೈನಿಗೆ 5.5 ಮಿಮೀ ದುಂಡನೆಯ ಕಾನಸು, 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ, ಪ್ರತಿ ಹಲ್ಲಿಗೂ ಎಣಿಸಿ ಮೂರೇ ಉಜ್ಜು. ಒಂದು ಮಗ್ಗಲಿನ ಹಲ್ಲು ಗಿಡ್ಡವಾದರೆ ಬಾರ್ ಒಂದೇ ಕಡೆ ತಿರುಗುತ್ತದೆ.

ಅವತ್ತು ಮೊಂಡಾದದ್ದಕ್ಕೆ ಕಾರಣ ತೊಗಟೆಯಲ್ಲಿ ಸೇರಿದ್ದ ಎರೆಮಣ್ಣು. ಕೊಡಲಿಯಿಂದ ಕೊಯ್ತದ ಗೆರೆಯಷ್ಟು ತೊಗಟೆ ಕೆತ್ತಿದ ಮೇಲೆ ಚೈನ್ ಬಹಳ ಹೊತ್ತು ಬಾಳಿತು. ನೆಲಕ್ಕೆ ತಾಗಿದ ದಿಮ್ಮಿಯನ್ನು ಪೂರ್ತಿ ಕೊಯ್ಯಹೋಗಬೇಡಿ. ಮುಕ್ಕಾಲು ಪಾಲು ಕೊಯ್ದು ಬಿಡಿ, ಎಲ್ಲ ಗೆರೆಗಳೂ ಆದ ಮೇಲೆ ಟ್ರಾಕ್ಟರಿಗೆ ಸರಪಳಿ ಹಾಕಿ ಉರುಳಿಸಿ, ಇನ್ನೊಂದು ಮಗ್ಗಲಿನಿಂದ ಮುಗಿಸಿ.

ಮಧ್ಯಾಹ್ನ ಮೂರನೆಯ ತುಂಡಿನಲ್ಲಿ ಮರದ ಬಣ್ಣ ಬದಲಾಯಿತು. ಹುಣಸಿಯ ಹೊರಮರ ತಿಳಿಹಳದಿ, ತಿರುಳು ನೇರಳೆ ಬೆರೆತ ಕಂದು. ಇಲ್ಲಿ ಹಳದಿಯೊಳಗೆ ಅಂಗೈಯಷ್ಟಗಲ ಮಸಿ ಚೆಲ್ಲಿದಂಥ ಕಪ್ಪು. ಕಬ್ಬಿಣ ಇದ್ದಲ್ಲಿ ಮರ ಹೀಗೆ ಕರ್ರಗಾಗುತ್ತದೆ. ಕೊಯ್ಯುವುದು ನಿಲ್ಲಿಸಿ ಚಾಣದಿಂದ ಬಿಡಿಸಿದಾಗ ದನ ಕಟ್ಟುವ ಕೊಂಡಿ, ಅದರ ಮೊಳೆ ಸಮೇತ ಸಿಕ್ಕಿತು. ಮೇಲೆ ನಾಲ್ಕು ಬೆರಳು ಮರ ಬೆಳೆದಿತ್ತು. ಊರ ಹತ್ತಿರದ, ರಸ್ತೆ ಪಕ್ಕದ ಗಿಡಗಳಲ್ಲಿ ಬುಡದಿಂದ ಆಳೆತ್ತರದವರೆಗೆ ಇಂಥದ್ದು ಇದ್ದೇ ಇರುತ್ತದೆ ಎಂದು ತಿಳಿದೇ ಕೊಯ್ಯಬೇಕು.

ಒಲೆಯ ಅಳತೆಗೆ 16 ಇಂಚಿನ ತುಂಡು. ನಾಲ್ಕು ಅಡಿ ಅಗಲದ ಅಂಥ ಒಂದು ತುಂಡು ಹಸಿಯಿದ್ದಾಗ ನಾಲ್ಕೂವರೆ ಕ್ವಿಂಟಲ್ ಮೀರುತ್ತದೆ. ಎತ್ತುವ ಮಾತೇ ಇಲ್ಲ. ಹುಣಸಿಯ ಎಳೆ ಒಂದಕ್ಕೊಂದು ಹೆಣೆದಿರುತ್ತವೆ, ನಡುವಿಗೆ ಕೊಡಲಿ ಹಾಕಿದರೆ ಪುಟಿದು ಬರುತ್ತದೆ. ತುಂಡನ್ನು ತೊಗಟೆಯ ಮೇಲೆ ಮಲಗಿಸಿ, ಎಳೆಯ ಉದ್ದಕ್ಕೆ ಬಾರ್ ಇಟ್ಟು ಮಷಿನ್ನಿನಿಂದಲೇ ಸೀಳುವುದು ಸುಲಭ. ಆಗ ಹೊಟ್ಟಿನ ಬದಲು ಶಾವಿಗೆಯಂಥ ಉದ್ದನೆ ಎಳೆ ಸುರುಳಿ ಸುರುಳಿಯಾಗಿ ಬರುತ್ತವೆ. ಅವು ಚೈನ್ ತಿರುಗಿಸುವ ಹಲ್ಲುಗಾಲಿಯ, ಅಂದರೆ ಸ್ಪ್ರಾಕೆಟ್ಟಿನ, ಮುಚ್ಚಳದಲ್ಲಿ ಗಿಡಿದುಕೊಳ್ಳುತ್ತವೆ, ಪ್ರತಿ ಸೀಳಿಗೊಮ್ಮೆ ಎಂಜಿನ್ ಬಂದ್ ಮಾಡಿ ಬಿಡಿಸಿ ತೆಗೆಯಿರಿ. ತುಂಡನ್ನು ನಿಲ್ಲಿಸಿ ಮೇಲಿಂದ ಸೀಳಿದರೆ ಬರೀ ಹಿಟ್ಟು, ಎರಡು ಪಟ್ಟು ಹೊತ್ತು. ನಾಲ್ಕು ಹೋಳಾದ ಮೇಲೆ ಕೊಡಲಿಯ ಕೆಲಸ, ಅದೂ ಅಂಚಿನಿಂದ ಒಂದೊಂದೇ ಚಕ್ಕೆ.

ಬಾರಿನ ಮೂತಿಯ ಮೇಲಂಚು ಮಾತ್ರ ಎಲ್ಲಿಯೂ ತಾಗಬಾರದು. ತಾಗಿದರೆ ಬಾರ್ ಕಣ್ಣು ಮಿಟುಕಿಸುವುದರೊಳಗೆ ಕೊಯ್ಯುವವನ ಮುಖದ ಕಡೆ ಜಿಗಿಯುತ್ತದೆ. ಎಡಗೈ ಹೆಬ್ಬೆರಳು ಹಿಡಿಕೆಯನ್ನು ಸುತ್ತಿರಬೇಕು, ತಲೆ ಬಾರಿನ ನೇರಕ್ಕೆ ಇರಬಾರದು. ಚಪ್ಪಲಿ, ಲುಂಗಿ, ಹೆಗಲ ಮೇಲಿನ ಟವೆಲ್ ಮೂರೂ ಬೇಡ.

ಸಂಜೆ ಹೋಳುಗಳನ್ನು ಎರಡು ಗಳುಗಳ ಮೇಲೆ ಒಟ್ಟಿದ್ದಾಯಿತು, ಎರೆಯ ತೇವ ತಾಗದಂತೆ. ಮೇಲೆ ತಗಡು, ಮಗ್ಗಲೆಲ್ಲ ಬಯಲು. ತಾಡಪತ್ರಿ ಪೂರ್ತಿ ಸುತ್ತಿದರೆ ಒಳಗೇ ಬೆವತು ಬೂಸಲು ಹಿಡಿಯುತ್ತದೆ. ಹುಣಸಿಯ ಹೊರಮರಕ್ಕೆ ನುಸಿ ಬೇಗ ಹತ್ತುತ್ತದೆ, ಆದ್ದರಿಂದ ಹೊರಮರದ ಹೋಳು ಮೊದಲು ಉರಿಸಲು, ತಿರುಳಿನವು ಮುಂದಿನ ವರ್ಷಕ್ಕೆ. ಕೊನೆಗೆ ಕಾದ ಚೈನನ್ನು ಸಡಿಲಿಸಿ ಇಟ್ಟೆವು. ಬಿಸಿಗೆ ಉದ್ದವಾದದ್ದನ್ನು ಬಿಗಿದೇ ಬಿಟ್ಟರೆ ತಣ್ಣಗಾದಾಗ ಕುಗ್ಗಿ ಬಾರನ್ನೇ ಹಿಂಡುತ್ತದೆ.