ಇನ್ನೂ ಮೇಲೇಳುತ್ತಿರುವ ನೆಲ

ಬೆಳಗ್ಗೆ ಮಗಳು ಗ್ಲೋಬ್ ತಿರುಗಿಸುತ್ತಾ ಸೈಬೀರಿಯಾದಿಂದ ಅಲಾಸ್ಕಾಗೆ ಬೆರಳು ದಾಟಿಸಿದಳು. ‘ಇಲ್ಲಿ ನಡೆದುಕೊಂಡು ಹೋಗಬಹುದಾ ಅಪ್ಪಾ?’

ಹೋಗಬಹುದಿತ್ತು ಕಂದಾ, ಸುಮಾರು 21,000 ವರ್ಷಗಳ ಹಿಂದೆ. ಅದು ಹಿಮಯುಗ. ಸಮುದ್ರದ ಅಷ್ಟೊಂದು ನೀರು ನೆಲದ ಮೇಲೆ ಹಿಮವಾಗಿ ಕೂತಿತ್ತು. ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗೆ. ನೀರಿಲ್ಲದ ಆ ಜಾಗದಲ್ಲಿ ಮ್ಯಾಮತ್‌ಗಳು, ಅಂದರೆ ಆನೆಯಂಥ ರೋಮದ ಪ್ರಾಣಿಗಳು, ಮೇಯುತ್ತಿದ್ದವು.

ಬೆರಳು ಕೆನಡಾದ ಹಡ್ಸನ್ ಕೊಲ್ಲಿಗೆ ಬಂತು. ನನ್ನ ಮನಸ್ಸು ಅಲ್ಲೇ ನಿಂತಿತು. ಆಗ ಅಲ್ಲಿದ್ದ ಹಿಮದ ದಪ್ಪ ಸುಮಾರು 3 ಕಿಲೋಮೀಟರ್! ಆ ಭಾರಕ್ಕೆ ನೆಲವೇ ತಗ್ಗಿತ್ತು. ಹಿಮ ಕರಗಿ ಸಾವಿರಾರು ವರ್ಷ ಆಯ್ತು. ನೆಲ ಮಾತ್ರ ಇನ್ನೂ ಮೇಲೇಳುತ್ತಲೇ ಇದೆ. ಹೊರೆ ಇಳಿದ ಮೇಲೂ ಬೆನ್ನು ನೆಟ್ಟಗಾಗಲು ಎಷ್ಟು ಕಾಲ ಬೇಕು, ಅಲ್ವಾ?

ವರ್ಷಕ್ಕೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ಅವಳ ಉಗುರನ್ನೇ ಅಳತೆಯಾಗಿ ತೋರಿಸಿದೆ. ತುಂಬಾ ಹೊತ್ತು ನೋಡಿಕೊಂಡಳು.