ಚೆಂಡೆಪೆಟ್ಟಿನೊಡನೆ ಸದ್ದನ್ನು ಕೂಡಿಸಿದ್ದು

ಕಳೆದ ತಿಂಗಳು ಮಾಟುಂಗಾದ ಸಭಾಂಗಣವೊಂದರಲ್ಲಿ ನಡೆದ ತಾಳಮದ್ದಳೆಯನ್ನು ಚಿತ್ರೀಕರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ದೃಶ್ಯಕ್ಕೆ ಮೊಬೈಲು, ಧ್ವನಿಗೆ ಭಾಗವತರ ಎದುರಿಗಿಟ್ಟ ಪ್ರತ್ಯೇಕ ರೆಕಾರ್ಡರು. 2 ಗಂಟೆ 50 ನಿಮಿಷಗಳ ಆ ಪ್ರಸಂಗವನ್ನು ಡೊಂಬಿವಲಿಯ ಮನೆಯಲ್ಲಿ ಜೋಡಿಸಲು ಕುಳಿತಾಗ ಮೊದಲ ಪದ್ಯದಲ್ಲಿ ತುಟಿಯೂ ಸ್ವರವೂ ಕೂಡಿಯೇ ಇದ್ದವು. ಮಂಗಳದ ಹೊತ್ತಿಗೆ ಮಾತ್ರ ಕೋಲು ಚೆಂಡೆಗೆ ಬಿದ್ದು ಮೇಲೆದ್ದು ಎಷ್ಟೋ ಹೊತ್ತಿನ ಮೇಲೆ ಪೆಟ್ಟು ಕೇಳುತ್ತಿತ್ತು. ಮಾತೇ ಸರ್ವಸ್ವವಾದ ಕಲೆಯಲ್ಲಿ ಅರ್ಥಧಾರಿಯ ಬಾಯಿಯೊಂದು ಕಡೆ, ಮಾತೊಂದು ಕಡೆಯಾದರೆ ಉಳಿಯುವುದೇನು?

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಧ್ವನಿಯ ಪಟ್ಟಿಯನ್ನು (ಟ್ರ್ಯಾಕನ್ನು) ಹಿಂದಕ್ಕೂ ಮುಂದಕ್ಕೂ ಎಳೆಯತೊಡಗುತ್ತಾರೆ. ಅದಕ್ಕೆ ಮೊದಲು ಆರಂಭ, ನಡು, ಕೊನೆ ಈ ಮೂರು ಕಡೆ ದೃಶ್ಯಕ್ಕೂ ಧ್ವನಿಗೂ ಇರುವ ಅಂತರವನ್ನು ಅಳೆದು ಬರೆದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೂರೂ ಕಡೆ ಅಂತರ ಒಂದೇ ಆಗಿದ್ದರೆ ಪಟ್ಟಿಯನ್ನು ಸರಿಸಿದರೆ ಸಾಕು. ಬೆಳೆಯುತ್ತಾ ಹೋಗಿದ್ದರೆ ಎಷ್ಟು ಸರಿಸಿದರೂ ಒಂದು ತುದಿ ಕೂಡಿದಾಗ ಇನ್ನೊಂದು ತುದಿ ಬಿಟ್ಟುಕೊಳ್ಳುತ್ತದೆ.

ಅಳೆಯಲು ಚೆಂಡೆಗಿಂತ ಒಳ್ಳೆಯ ಸಾಧನವಿಲ್ಲ. ಸೆಕೆಂಡಿಗೆ 30 ಫ್ರೇಮುಗಳ (ಬಿಡಿ ಚಿತ್ರಗಳ) ವಿಡಿಯೋದಲ್ಲಿ ಒಂದು ಫ್ರೇಮಿನ ಆಯುಸ್ಸು ಸುಮಾರು 33 ಮಿಲಿಸೆಕೆಂಡು. ಒಂದೊಂದೇ ಫ್ರೇಮು ಮುಂದೆ ನಡೆಸಿದರೆ ಕೋಲಿನ ತುದಿ ಚರ್ಮವನ್ನು ಮುಟ್ಟುವ ಫ್ರೇಮು ಸ್ಪಷ್ಟವಾಗಿ ಸಿಗುತ್ತದೆ. ಧ್ವನಿಯ ಅಲೆಯಲ್ಲಿ ಆ ಪೆಟ್ಟು ಸೂಜಿಯಂತೆ ಎದ್ದು ನಿಂತಿರುತ್ತದೆ. ಹಾಗೆ ಅಳೆದಾಗ ಆರಂಭದಲ್ಲಿ ಸೊನ್ನೆ, ನಡುವಿನಲ್ಲಿ 0.3 ಸೆಕೆಂಡು, ಕೊನೆಯಲ್ಲಿ 2.6 ಸೆಕೆಂಡು ಬಂತು. ಏರಿಕೆ ಸಮವಾಗಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ ಸುಳಿವು. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ ಇಷ್ಟೇ ಫ್ರೇಮು ಎಂದಿಲ್ಲದ, ಬದಲಾಗುವ ಫ್ರೇಮ್‌ರೇಟಿನಲ್ಲಿ ಚಿತ್ರಿಸುತ್ತವೆ. ಬೆಳಕು ಕುಗ್ಗಿದಾಗ ಹಲವು ಮೊಬೈಲುಗಳಲ್ಲಿ ಫ್ರೇಮುಗಳ ಸಂಖ್ಯೆ ಇಳಿಯುತ್ತದೆ. ಸಭೆಯ ದೀಪಗಳನ್ನು ತಗ್ಗಿಸಿದ್ದು ಉತ್ತರಾರ್ಧದಲ್ಲೇ. ಫೈಲನ್ನು ಅದರ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದಾಗ ಕನಿಷ್ಠ ಮತ್ತು ಗರಿಷ್ಠ ಫ್ರೇಮ್‌ರೇಟುಗಳು ಬೇರೆಬೇರೆಯಾಗಿಯೇ ಕಂಡವು. ಎಡಿಟಿಂಗ್ ತಂತ್ರಾಂಶ ಎಲ್ಲವನ್ನೂ 30 ಎಂದೇ ಎಣಿಸಿಕೊಂಡು, ಫ್ರೇಮು ಕಡಿಮೆಯಿದ್ದ ಕಡೆ ದೃಶ್ಯವನ್ನು ಬೇಗ ಓಡಿಸಿಬಿಟ್ಟಿತ್ತು.

ಆದ್ದರಿಂದ ಮೂಲ ಫೈಲನ್ನು ವಿಡಿಯೋ ಪರಿವರ್ತಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕಿನಲ್ಲಿ ಸ್ಥಿರ ಫ್ರೇಮ್‌ರೇಟಿಗೆ ಪರಿವರ್ತಿಸಿ, ಆಮೇಲೆಯೇ ಎಡಿಟಿಂಗಿಗೆ ತಂದೆ. ಈಗ ನಡುವಿನಲ್ಲಿ 0.2, ಕೊನೆಯಲ್ಲಿ 0.4 ಸೆಕೆಂಡು ಉಳಿಯಿತು. ಸಮವಾಗಿ ಏರುವ ಈ ಅಂತರ ಎರಡು ಯಂತ್ರಗಳ ಗಡಿಯಾರಗಳದ್ದು: ಎರಡರೊಳಗೂ ಕಾಲ ಎಣಿಸುವ ಸ್ಫಟಿಕಗಳು ಕೂದಲೆಳೆಯಷ್ಟು ಭಿನ್ನ ವೇಗದಲ್ಲಿ ಮಿಡಿಯುತ್ತವೆ. 10,200 ಸೆಕೆಂಡುಗಳಲ್ಲಿ 0.4 ಎಂದರೆ ಲಕ್ಷಕ್ಕೆ ನಾಲ್ಕು. ರೆಕಾರ್ಡರಿನ ಧ್ವನಿಯನ್ನು ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸಿದೆ. ಭಾಗವತರ ಶ್ರುತಿಯಲ್ಲಿ ಯಾವ ಕಿವಿಗೂ ವ್ಯತ್ಯಾಸ ತಿಳಿಯದು. (ಗಂಟೆಗೆ 3.6 ಸೆಕೆಂಡಿನಷ್ಟು ಏರುತ್ತಿದ್ದರೆ ಮಾತ್ರ ಸೆಕೆಂಡಿಗೆ 29.97 ಫ್ರೇಮುಗಳದ್ದನ್ನು ತಂತ್ರಾಂಶ 30 ಎಂದು ಎಣಿಸುವ ಗೊಂದಲವನ್ನು ಮೊದಲು ಶಂಕಿಸಿ.)

ಧ್ವನಿ ತುಸು ತಡವಾಗುವುದನ್ನು ಕಣ್ಣು ಸಹಿಸುತ್ತದೆ, ಮುಂಚಿತವಾಗುವುದನ್ನು ಸಹಿಸದು. ಮಹಾಲಕ್ಷ್ಮಿ ಸೇತುವೆಯ ಮೇಲೆ ನಿಂತು ಧೋಬಿ ಘಾಟನ್ನು ನೋಡಿದವರಿಗೆ ಇದು ಗೊತ್ತು: ಬಟ್ಟೆ ಕಲ್ಲಿಗೆ ಬೀಳುವುದು ಮೊದಲು ಕಾಣುತ್ತದೆ, ಸದ್ದು ಹಿಂದಿನಿಂದ ಬರುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಲ್ಲೂ ಧ್ವನಿ 45 ಮಿಲಿಸೆಕೆಂಡು ಮುಂಚೆ ಬಂದರೆ ಗೊತ್ತಾಗುತ್ತದೆ, ತಡವಾದರೆ 125ರವರೆಗೆ ಗೊತ್ತಾಗದು ಎಂದಿದೆ. ಅನುಮಾನವಿದ್ದಾಗ ನಾನು ತಡದ ಕಡೆಗೇ ವಾಲುತ್ತೇನೆ. ಪರೀಕ್ಷಿಸುವಾಗ ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರದ್ದೇ ವಿಳಂಬ ಸೇರಿಕೊಂಡು ಸರಿಯಿದ್ದದ್ದನ್ನೂ ಕೆಡಿಸುವಂತೆ ಮಾಡುತ್ತದೆ.

ಎಲ್ಲ ಮುಗಿದ ಮೇಲೆ ಸಂಘಟಕರು ಹತ್ತು ನಿಮಿಷದ ತುಣುಕು ಕೇಳಿದರು. ಮರು ಎನ್‌ಕೋಡ್ ಮಾಡದೆ, ಅಂದರೆ ಫೈಲನ್ನು ಹೊಸದಾಗಿ ಬರೆಸದೆ, ಕತ್ತರಿಸಿದಾಗ ದೃಶ್ಯ ಕೀಫ್ರೇಮಿನಲ್ಲಿ (ಪೂರ್ಣ ಚಿತ್ರವನ್ನು ಇಟ್ಟುಕೊಂಡ ಫ್ರೇಮಿನಲ್ಲಿ) ಮಾತ್ರ ತುಂಡಾಗುತ್ತದೆ, ಧ್ವನಿ ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ತುಂಡಾಗುತ್ತದೆ. ಆ ತುಣುಕಿನ ಆರಂಭದಲ್ಲೇ ಮತ್ತೆ ಅಂತರ ಬಿದ್ದಿತ್ತು. ಆ ಹತ್ತು ನಿಮಿಷವನ್ನು ಪೂರ್ತಿ ಎನ್‌ಕೋಡ್ ಮಾಡಿ, ಮೊದಲ ಚೆಂಡೆಪೆಟ್ಟನ್ನು ಫ್ರೇಮು ಫ್ರೇಮಾಗಿ ನೋಡಿಯೇ ಕಳುಹಿಸಿದೆ.